ಬಲಗಾಲಿನ ಬೂಟಿನ ಗಂಟು

ಲಿಮರಿಕ್
11 ಫೆಬ್ರವರಿ 1979

ಪ್ರೀತಿಯ ಸೆನನ್,

ಮೊನ್ನೆ ಒಂದು ಕೆಟ್ಟ ಕನಸು ಬಿತ್ತು. ನಮ್ಮ ಹಿತ್ತಿಲಲ್ಲಿ ಬಟ್ಟೆ ಹಗ್ಗ ಕಟ್ಟುವ ಕಂಬಗಳ ಜಾಗದಲ್ಲಿ ಥೋಮಂಡ್ ಮೈದಾನದ ಗುರಿಕಂಬಗಳು ನಿಂತಿವೆ. ಗೋಡೆಯ ಮೇಲೆ ಇಡೀ ಊರು ಕೂತಿದೆ, ಸತ್ತ ಅಮ್ಮನೂ ಕೂತಿದ್ದಾಳೆ. ಎಲ್ಲರ ತುಟಿಯ ಮೇಲೂ ಬೆರಳು. ನೀನು ಚೆಂಡನ್ನು ನೆಲಕ್ಕೆ ಊರಿ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತೀ. ನನ್ನ ಬಾಯಲ್ಲಿ ಏನೋ ನಾದಿದ ಹಿಟ್ಟಿನ ಹಾಗೆ ಉಬ್ಬುತ್ತಿದೆ, ಎರಡೂ ಕೈಯಿಂದ ಒತ್ತಿ ಹಿಡಿದರೂ ಉಬ್ಬುತ್ತಲೇ ಇದೆ. ಅಷ್ಟರಲ್ಲಿ ಎಚ್ಚರವಾಯಿತು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಎರಡು ಸಲ ಎದ್ದು ನೋಡಿ ಬಂದೆ.

ಕ್ರಿಸ್‌ಮಸ್ಸಿಗೆ ಬರೆದ ಪತ್ರ ತಲುಪಿತೇ? ಫ್ರಾನ್ಸಿನ ಆ ಊರಿನ ಹೆಸರನ್ನು ಮೂರು ಸಲ ಹೊಡೆದುಹಾಕಿ ಬರೆದಿದ್ದೆ, ಅಂಚೆಯವನಿಗೆ ತಿಳಿಯಿತೋ ಏನೋ. ಅಮ್ಮ ಹೋದಾಗ ನಿನ್ನನ್ನು ನೋಡಿಕೊಳ್ಳಲು ಹನ್ನೆರಡಕ್ಕೇ ಶಾಲೆ ಬಿಟ್ಟವಳ ಅಕ್ಷರ ಇಷ್ಟೇ.

ಡಿನ್ನಿ ಗಾರ್ವಿಯ ವಿಷಯ ಬರೆಯಬೇಡ ಎಂದು ನೀನು ಹೇಳಿದ್ದೆ. ಬೈಯಬೇಡ, ಬರೆಯುತ್ತೇನೆ. ಶನಿವಾರ ಅವನು ಬ್ರೊಸ್ನನ್ ಪಬ್ಬಿಗೆ ಬಂದ. ನಾನು ಬಾಗಿಲ ಪಕ್ಕದ ಹೆಂಗಸರ ಮೂಲೆಯಲ್ಲಿದ್ದೆ. ಅವನು ಗ್ಲಾಸು ಎತ್ತಿದನೋ ಇಲ್ಲವೋ, ಟಾಡಿ ಬ್ರೊಸ್ನನ್ ಕೌಂಟರಿನ ಹಿಂದಿನಿಂದ, "ಶ್ಶ್! ಸುಮ್ನಿರ್ರೋ, ಡಿನ್ನಿ ಒದೀತಾ ಇದಾನೆ" ಅಂದ. ಮೈದಾನದಲ್ಲಿ ಚೆಂಡು ಒದೆಯುವವನಿಗೆ ನಮ್ಮೂರವರು ಮಾಡುವ ಹಾಗೇ ಇಡೀ ಪಬ್ಬು ಉಸಿರು ಬಿಗಿಹಿಡಿಯಿತು. ಒಬ್ಬ ತನ್ನ ನಾಯಿಯ ಬಾಯಿಯನ್ನೂ ಹಿಡಿದ. ಡಿನ್ನಿಯ ಗಂಟಲಲ್ಲಿ ಬಿಯರ್ ಇಳಿಯುವ ಸದ್ದು ನನ್ನವರೆಗೆ ಕೇಳಿಸಿತು. ಗ್ಲಾಸು ಕೆಳಗಿಟ್ಟ ಕೂಡಲೇ ಎಲ್ಲರೂ ಒಟ್ಟಿಗೆ, "ಅಯ್ಯೋ, ಹೊರಗೆ ಹೋಯ್ತು!"

"ಕೂಗಿದ್ದು ನಾನಲ್ಲ ಕಣ್ರಪ್ಪಾ, ದೇವರಾಣೆ" ಅಂದ ಅವನು.

"ಶ್ಶ್!"

ನಗುತ್ತಾನೇ ಮಾಡುತ್ತಾರೆ, ನಮ್ಮೂರಿನವರು ಏನು ಮಾಡಿದರೂ ನಗುತ್ತಾನೇ ಮಾಡುವುದು. ಆದರೆ ಇದು ಹತ್ತು ತಿಂಗಳಿಂದ ನಡೆದಿದೆ ಸೆನನ್. ರಗ್ಬಿ ಕಪ್ಪಿನ ಫೈನಲ್, ಕಡೆಯ ನಿಮಿಷ, ನಮ್ಮ ಕ್ಲಬ್ಬು ಸ್ಯಾಂಡ್‌ಮಾಲ್ ಒಂದೇ ಅಂಕ ಹಿಂದೆ, ಐರ್ಲೆಂಡ್ ತಂಡ ಆರಿಸುವ ಮೂವರು ಮೇಲೆ ಕೂತಿದ್ದಾರೆ. ನೀನು ಒದೆಯುವ ಆ ನಿಶ್ಶಬ್ದದಲ್ಲಿ ಒಂದು "ಏಯ್!" ಅದಕ್ಕೆ ಗಂಡು ದನಿಯೋ ಹೆಣ್ಣು ದನಿಯೋ ಅನ್ನುವಷ್ಟೂ ಉದ್ದವಿರಲಿಲ್ಲ. ಡಿನ್ನಿ ತನ್ನ ಹತ್ತನೇ ನಂಬರಿನ ಜೆರ್ಸಿಯನ್ನು ನಿನಗೆ ಬಿಟ್ಟುಕೊಟ್ಟು ಬೇಲಿಯ ಪಕ್ಕ ನಿಂತಿದ್ದ ಅನ್ನುವುದು ನಿಜ. ಆದರೆ ನಿನ್ನ ಬೆನ್ನು ಅವನ ಕಡೆಗಿತ್ತಲ್ಲ. ಅವನ ದನಿಯೇ ಎಂದು ಹೇಗೆ ಗೊತ್ತಾಯಿತು?

ಇನ್ನೊಂದು. ಆವತ್ತಿನ ಬೂಟುಗಳನ್ನು ನೀನು ಬಿಚ್ಚದೆ ಹಾಗೇ ಕಿತ್ತೆಸೆದಿದ್ದೆ. ಅವು ನಿನ್ನ ಹತ್ತಿರ ಇವೆಯೇ? ಬಲಗಾಲಿನ ಬೂಟಿನ ಲೇಸು ಬಿಚ್ಚಿಹೋಗಿತ್ತೇ? ಸುಮ್ಮನೆ ಕೇಳಿದೆ.

ಕುತ್ತಿಗೆಗೆ ಉಣ್ಣೆ ಸುತ್ತಿಕೋ.

ಅಟ್ರಾಕ್ಟಾ


ಲಾಬಾರ್ಡ್, ಫ್ರಾನ್ಸ್
3 ಮಾರ್ಚ್ 1979

ಅಕ್ಕಾ,

ಡಿನ್ನಿಯೇ. ಹತ್ತು ವರ್ಷ ಒಂದೇ ಕೋಣೆಯಲ್ಲಿ ಬಟ್ಟೆ ಬದಲಿಸಿದವನ ಗಂಟಲು ನನಗೆ ಗೊತ್ತಾಗದೆ? ಅವನಿಗಾಗಿ ಅಳುವುದಾದರೆ ಮೊದಲು ನನಗಾಗಿ ಅಳು. ಆ ಒದೆತ ಒಳಗೆ ಹೋಗಿದ್ದರೆ ಈ ಚಳಿಗಾಲ ನಾನು ಐರ್ಲೆಂಡಿನ ಹಸಿರು ಜೆರ್ಸಿಯಲ್ಲಿ ಡಬ್ಲಿನ್‌ನಲ್ಲಿರುತ್ತಿದ್ದೆ. ಈಗ ಮೇಯರನ ಗ್ಯಾರೇಜಿನಲ್ಲಿ ಹೆಸರಿಗೊಂದು ಕೆಲಸ, ಭಾನುವಾರ ಆಟ. ಇಲ್ಲಿಯೂ ತಂಡ ಸುತ್ತುವುದು ಹತ್ತನೇ ನಂಬರಿನ ಫ್ಲೈ-ಹಾಫ್‌ನ ಸುತ್ತಲೇ. ಕಟುಕ ನನ್ನನ್ನು ನೋಡಿದರೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಬೂಟು ಇಲ್ಲೇ ಗೋಡೆಯ ಮೊಳೆಗೆ ನೇತಾಡುತ್ತಿದೆ. ಆಮೇಲೆ ಹಾಕಿಯೇ ಇಲ್ಲ. ಎರಡರ ಗಂಟೂ ಆವತ್ತು ನೀನು ಕಟ್ಟಿದ ಹಾಗೇ ಇವೆ, ಮೇಲೆ ಒಣಗಿದ ಕೆಸರು. ಇದೇನು ಹುಚ್ಚು ಪ್ರಶ್ನೆ?

ಸೆ.


ಲಿಮರಿಕ್
2 ನವೆಂಬರ್ 1984

ಪ್ರೀತಿಯ ಸೆನನ್,

ನಿನ್ನ ಫೋಟೋ ಬಂತು. ತೆಳ್ಳಗಾಗಿದ್ದೀ. ಆ ಮಂಡಿಗೆ ಕಟ್ಟಿರುವ ಪಟ್ಟಿ ಏನು? ನೀನು ಬರೆಯದಿದ್ದರೆ ನನಗೆ ಇನ್ನೂ ಕೆಟ್ಟದ್ದೇ ಹೊಳೆಯುತ್ತದೆ.

ಇಲ್ಲಿ ಸತ್ತವರ ದಿನ. ಅಮ್ಮನ ಗೋರಿಗೆ ಹೋಗಿ ಬರುವಾಗ ಡಿನ್ನಿಯ ಮನೆಗೆ ಹೋಗಿದ್ದೆ. ಪ್ರತಿ ತಿಂಗಳ ಮೊದಲ ಶುಕ್ರವಾರ ಪೂಜೆ ಮುಗಿಸಿ ಅವರಿಗೆ ಒಂದು ಸೋಡಾ ಬ್ರೆಡ್ ಕೊಟ್ಟು ಬರುತ್ತೇನೆ, ನಿನಗೆ ಹೇಳಿರಲಿಲ್ಲ. ಸಣ್ಣ ಹುಡುಗರಿಗೆ ಆಟ ಹೇಳಿಕೊಡುತ್ತೇನೆ ಎಂದು ಅವನು ಕ್ಲಬ್ಬಿಗೆ ಕೇಳಿದ್ದನಂತೆ. "ಏನ್ ಹೇಳ್ಕೊಡ್ತೀಯಾ ಡಿನ್ನಿ, ಕೂಗೋದಾ?" ಅಂದರಂತೆ. ಮಗ ಕಾಹಲ್‌ಗೆ ಒಂಬತ್ತು ವರ್ಷ. ಶಾಲೆಯಲ್ಲಿ ಅವನು ಪಾಠ ಓದಲು ಎದ್ದರೆ ಇಡೀ ತರಗತಿ ಶ್ಶ್ ಅನ್ನುತ್ತದೆ.

ನಾನು ಹೋದಾಗಲೆಲ್ಲ ಡಿನ್ನಿ ಒಂದೇ ರೀತಿ ಮಾಡುತ್ತಾನೆ. ಹೆಂಡತಿ ಕನ್ಸೆಪ್ಟಾಳಿಗೆ, "ಹಿತ್ಲಲ್ಲಿ ಏನೋ ಕೆಲ್ಸ ಅಂದಿದ್ಯಲ್ಲ, ನೋಡ್ಕೊಂಡ್ ಬಾ" ಎಂದು ಆಚೆ ಕಳಿಸುತ್ತಾನೆ. ಕೆಟಲ್ ಇಡುತ್ತಾನೆ. ನನ್ನ ಎದುರು ಕೂತು ಎರಡೂ ಅಂಗೈ ಮೇಜಿನ ಮೇಲಿಟ್ಟು, "ಹೇಳು ಅಟ್ಟೀ" ಅನ್ನುತ್ತಾನೆ. ಏನು ಹೇಳುವುದು? ಮಳೆ, ಕಲ್ಲಿದ್ದಲು, ಫಾದರ್‌ಗೆ ಬಂದ ಕೆಮ್ಮು ಎಲ್ಲ ಹೇಳುತ್ತೇನೆ. ಅವನು ಕೊನೆಯವರೆಗೂ ಕೇಳಿ, "ಅಷ್ಟೇನಾ?" ಅನ್ನುತ್ತಾನೆ. "ಅಷ್ಟೇ ಡಿನ್ನಿ." ಪಾಪ, ಮಾತಾಡಲು ಊರಲ್ಲಿ ಯಾರೂ ಇಲ್ಲದವನಿಗೆ ನಾನು ಹರಟುವುದೇ ಹಿತವಿರಬೇಕು.

ನೀನು ಒಂದು ಕಾರ್ಡ್ ಹಾಕಬಾರದೇ ಅವನಿಗೆ? ಹಬ್ಬದ ಕಾರ್ಡ್, ಸಹಿ ಮಾತ್ರ.

ಅಟ್ರಾಕ್ಟಾ


ಲಾಬಾರ್ಡ್
19 ಮೇ 1988

ಅಕ್ಕಾ,

ನಾಲ್ಕು ಪತ್ರಕ್ಕೆ ಒಂದೇ ಉತ್ತರ. ಮಂಡಿ ಮುಗಿಯಿತು. ವೈದ್ಯ ಅದರೊಳಗೆ ನೋಡಿ, "ಇಲ್ಲಿ ಉಳಿದದ್ದು ಏನೂ ಇಲ್ಲ, ಸಾರು ಮಾಡಬಹುದು" ಅಂದ. ಒಳ್ಳೆಯ ಮನುಷ್ಯ. ಈಗ ನಾನು ತರಬೇತುದಾರ. ಆಡುವುದಕ್ಕಿಂತ ಸುಖ: ನೋವು ಬೇರೆಯವರಿಗೆ.

ಇಲ್ಲಿ ಲಿಮರಿಕ್ಕಿನ ಮೌನವೆಲ್ಲ ಇಲ್ಲ. ಒದೆಯುವವನ ತಲೆಯ ಮೇಲೆ ಕಹಳೆ ಊದುತ್ತಾರೆ, ಡ್ರಮ್ ಬಡಿಯುತ್ತಾರೆ, ಅವನ ಅಮ್ಮನನ್ನು ಹೆಸರಿಟ್ಟು ಬೈಯುತ್ತಾರೆ. ಆ ಗದ್ದಲದಲ್ಲಿ ಹತ್ತು ವರ್ಷ ಒದ್ದಿದ್ದೇನೆ, ಹತ್ತರಲ್ಲಿ ಎಂಟು ಒಳಗೆ. ಕಿವಿಯನ್ನು ಮನೆಯಲ್ಲೇ ಬಿಟ್ಟು ಹೋಗಬೇಕು, ಅಷ್ಟೇ. ನನಗೆ ಅದು ಹುಟ್ಟಿನಿಂದ ಬಂದದ್ದು.

ಕಾರ್ಡ್? ಡಿನ್ನಿಗೆ? ಹೋಗಕ್ಕಾ.

ಸೆ.


ಲಿಮರಿಕ್
1 ಸೆಪ್ಟೆಂಬರ್ 1996

ಪ್ರೀತಿಯ ಸೆನನ್,

ಈ ಪತ್ರಕ್ಕಿಂತ ಮೊದಲೇ ಕಾಹಲ್ ಗಾರ್ವಿ ಅಲ್ಲಿಗೆ ತಲುಪಿರುತ್ತಾನೆ. ಡಿನ್ನಿಯ ಮಗ. ಇಪ್ಪತ್ತೊಂದು ವರ್ಷ, ಅಪ್ಪನ ಹಾಗೆ ಫ್ಲೈ-ಹಾಫ್. ಆಟಕ್ಕೆ ಸಂಬಳ ಬಂದ ಮೇಲೆ ಹುಡುಗರು ಎಲ್ಲೆಲ್ಲಿಗೋ ಹೋಗುತ್ತಿದ್ದಾರೆ, ಇವನು ಹಟ ಹಿಡಿದು ನಿನ್ನ ಹತ್ತಿರವೇ ಬರುತ್ತಿದ್ದಾನೆ. ಯಾಕೆ ಎಂದು ಕೇಳಿದೆ. "ಅವ್ರ ಕೈಯಿಂದ ಒಂದು ಸಾಲು ಬರೆಸ್ಕೊಂಡ್ ಬರ್ತೀನಿ ಅಟ್ಟೀ ಆಂಟಿ. ಅಪ್ಪ ಇರೋವಾಗ್ಲೇ" ಅಂದ.

ಡಿನ್ನಿಯ ಪುಪ್ಪುಸ ಕೆಟ್ಟಿದೆ. ಕಣ್ಣೂ ಮಂಜು. ಆದರೂ ಶನಿವಾರ ಪಬ್ಬಿಗೆ ಹೋಗುತ್ತಾನೆ. ಹೋಗದಿದ್ದರೆ ತಪ್ಪು ಒಪ್ಪಿಕೊಂಡ ಹಾಗಂತೆ. ಫೈನಲ್ ನಡೆದಾಗ ಹುಟ್ಟಿಯೇ ಇರದಿದ್ದ ಹುಡುಗರು ಈಗ ಶ್ಶ್ ಅನ್ನುವುದು.

ಹುಡುಗನ ಮೇಲೆ ಕೋಪ ತೋರಿಸಬೇಡ. ಅವನು ಯಾರಿಗೂ ಏನೂ ಮಾಡಿಲ್ಲ. ಡಿನ್ನಿಯೂ ಮಾಡಿಲ್ಲದೆ ಇರಬಹುದು. ಯಾರು ಬಲ್ಲರು? ಆ ಗುಂಪಿನಲ್ಲಿ ಅವನ ಹಿಂದೆ ಬೇಕಾದಷ್ಟು ಜನ ಇದ್ದರು. ನಾನೂ ಅಲ್ಲೇ ಇದ್ದೆ.

ಅವನ ಚೀಲದಲ್ಲಿ ನಿನಗೆ ಎರಡು ಬ್ರೆಡ್ ಇಟ್ಟಿದ್ದೇನೆ. ಒಣಗುವ ಮುಂಚೆ ತಿನ್ನು.

ಅಟ್ರಾಕ್ಟಾ


ಲಾಬಾರ್ಡ್
30 ನವೆಂಬರ್ 1996

ಅಕ್ಕಾ,

ಬ್ರೆಡ್ ಕಲ್ಲಾಗಿತ್ತು. ಹುಡುಗ ಹಾಗಿಲ್ಲ. ಕಿವಿ ಅಪ್ಪನದು, ಕಾಲು ಮಾತ್ರ ಬಂಗಾರ. ನನಗೂ ಅಂಥ ಕಾಲಿರಲಿಲ್ಲ, ಇದನ್ನು ಯಾರಿಗೂ ಹೇಳಬೇಡ.

ಮೊದಲ ದಿನವೇ ಎದುರು ನಿಂತು, "ಸರ್, ಕೂಗಿದ್ದು ಡಿನ್ನಿ ಅಂತ ನನಗೆ ಖಾತ್ರಿ ಇಲ್ಲ ಅಂತ ಬರ್ಕೊಡಿ. ಅಷ್ಟ್ ಸಾಕು. ಬ್ರೊಸ್ನನ್ ಪಬ್ಬಿನ ಗೋಡೆಗೆ ಅಂಟಿಸ್ತೀನಿ" ಅಂದ. ಧೈರ್ಯ ನೋಡು.

ನಾನು ಚೆಂಡನ್ನು ಥೋಮಂಡ್‌ನ ಅದೇ ಜಾಗಕ್ಕೆ ಸರಿಯಾಗಿ ಇಲ್ಲಿನ ಮೈದಾನದಲ್ಲಿಟ್ಟೆ. ಎಡ ಅಂಚಿನಿಂದ ಹದಿನೈದು ಹೆಜ್ಜೆ, ಕಂಬಕ್ಕೆ ನಲವತ್ತು ಗಜ. ತಂಡದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಉಸಿರು ಬಿಟ್ಟವನಿಗೆ ಮೈದಾನ ಹತ್ತು ಸುತ್ತು ಎಂದೆ. "ಒಳಗೆ ಹಾಕು, ಬರ್ಕೊಡ್ತೀನಿ." ಅವನ ಕಾಲು ಬೀಸಿದ ಕ್ಷಣಕ್ಕೆ ಸರಿಯಾಗಿ ನಾನು "ಏಯ್!" ಅಂದೆ. ಚೆಂಡು ಮೂಲೆಗೆ ಹೋಯಿತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. "ಮನೆತನದ ಆಸ್ತಿ ಮಗಾ, ವಾಪಸ್ ತಗೋ" ಅಂದೆ.

ಅವನು ನಗಲಿಲ್ಲ, ಅಳಲೂ ಇಲ್ಲ. "ನಾಳೆ ಇನ್ನೊಂದ್ಸಲ ಸರ್" ಅಂದ. ಹತ್ತು ವಾರ, ದಿನಕ್ಕೆ ಒಂದೇ ಒದೆತ, ನನ್ನದು ಒಂದೇ ಕೂಗು. ಹೋದ ಗುರುವಾರ ನಾನು ಗಂಟಲು ಹರಿಯುವ ಹಾಗೆ ಕಿರುಚಿದೆ, ಅವನು ತಲೆ ಎತ್ತದೆ ಎರಡು ಕಂಬದ ಸರಿ ಮಧ್ಯದಲ್ಲಿ ಹಾಕಿದ. ಯಾರೂ ನಗಲಿಲ್ಲ. ತಿರುಗಿ ನನ್ನನ್ನೇ ನೋಡಿದ. ಆ ನೋಟ ನನಗೆ ಹಿಡಿಸಲಿಲ್ಲ ಅಕ್ಕಾ.

ಶುಕ್ರವಾರ ಬೆಳಿಗ್ಗೆ ಅವನನ್ನು ತಂಡದಿಂದ ತೆಗೆದೆ. ಸಾಲನ್ನು ಬರೆದುಕೊಟ್ಟೆ, ಮಾತು ತಪ್ಪುವವನಲ್ಲ. ಲಕೋಟೆ ಅಂಟಿಸಿ, "ನಿನ್ನಪ್ಪನೇ ಒಡೀಬೇಕು" ಅಂದೆ. ಎರಡೂ ಕೈಯಲ್ಲಿ ತೆಗೆದುಕೊಂಡು, "ಥ್ಯಾಂಕ್ಸ್ ಸರ್" ಅಂದ, ಪೂಜೆಯ ರೊಟ್ಟಿ ತೆಗೆದುಕೊಳ್ಳುವವನ ಹಾಗೆ.

ಸೆ.


ಲಿಮರಿಕ್
9 ಮಾರ್ಚ್ 1997

ಸೆನನ್,

ಡಿನ್ನಿ ಹೋದ ಸೋಮವಾರ ತೀರಿಕೊಂಡ. ನಾಲ್ಕು ಸಲ ಈ ಪತ್ರ ಬರೆದು ಒಲೆಗೆ ಹಾಕಿದ್ದೇನೆ. ಇದನ್ನು ಹಾಕುವುದಿಲ್ಲ.

ಕಾಹಲ್ ಆ ಲಕೋಟೆಯನ್ನು ಅಂಗಿಯ ಒಳಗಿಟ್ಟುಕೊಂಡು ಬಂದ. ನಾನು ಬ್ರೆಡ್ ಹಿಡಿದುಕೊಂಡು ಅಲ್ಲೇ ಇದ್ದೆ. ಡಿನ್ನಿ ಹಾಸಿಗೆಯಲ್ಲಿ ಎದ್ದು ಕೂತ, ತಲೆ ಬಾಚಿಸಿಕೊಂಡ. ಒಡೆದ. ಕಣ್ಣಿಗೆ ಕಾಣದೆ, ಮಗನಿಗೆ ಕೊಡದೆ, ನನ್ನ ಕೈಗೆ ಕೊಟ್ಟ. "ನೀನೇ ಓದು ಅಟ್ಟೀ."

ನೀನು ಬರೆದದ್ದು: "ಡಿನ್ನಿ, ನಿನ್ನ ಮಗ ನಿನಗಿಂತ ಮೇಲು. ಬಾಯಿ ಮುಚ್ಚಿಕೊಂಡಿರಲು ಕಲಿತಿದ್ದಾನೆ."

ನಾನು, "ಸೆನನ್ ಕೈಬರಹ ಕೋಳಿ ಕೆರೆದ ಹಾಗಿದೆ, ನನಗೆ ಅಕ್ಷರ ತಿಳೀತಿಲ್ಲ ಡಿನ್ನಿ" ಅಂದೆ. ಅವನು ಎಲ್ಲರನ್ನೂ ಆಚೆ ಕಳಿಸಿದ. ಕಂಬಳಿಯ ಮೇಲೆ ಎರಡೂ ಅಂಗೈ ಇಟ್ಟು, "ಹಾಗಾದ್ರೆ ಅದು ಬೇಡ. ನೀನೇ ಹೇಳು" ಅಂದ. ನಾನು, "ಬ್ರೆಡ್ ಬಿಸಿ ಇದೆ, ಬೆಣ್ಣೆ ಹಚ್ಚಲಾ?" ಅಂದೆ. ಅವನು ಗೋಡೆಯ ಕಡೆ ತಿರುಗಿದ. ಮತ್ತೆ ನನ್ನ ಹತ್ತಿರ ಮಾತಾಡಲಿಲ್ಲ.

ಪೆಟ್ಟಿಗೆ ಗುಂಡಿಗೆ ಇಳಿಯುವಾಗ ಎಲ್ಲರೂ ಸುಮ್ಮನಿದ್ದರು. ನನ್ನ ಹಿಂದೆ ಯಾರೋ, "ಈಗ ಕೂಗ್ಲಿ ನೋಡೋಣ" ಎಂದು ಪಿಸುಗುಟ್ಟಿದ. ಯಾರೋ ಕಿಸಕ್ಕನೆ ನಕ್ಕರು. ಕಾಹಲ್ ಕೇಳಿಸಿಕೊಂಡ. ಅವನು ಈಗ ಸಿಮೆಂಟಿನ ಲಾರಿ ಓಡಿಸುತ್ತಾನೆ, ಬೂಟುಗಳನ್ನು ಸೇತುವೆಯ ಮೇಲಿಂದ ಹೊಳೆಗೆ ಎಸೆದನಂತೆ.

ಕೂಗಿದವಳು ನಾನು ಸೆನನ್.

ನಾನು ಡಿನ್ನಿಯ ಬೆನ್ನ ಹಿಂದೆಯೇ ನಿಂತಿದ್ದೆ. ನೆಗಡಿಯಿಂದ ಗಂಟಲು ಕಟ್ಟಿತ್ತು. ನೀನು ಹಿಂದೆ ಸರಿಯುವಾಗ ಬಲಗಾಲಿನ ಲೇಸು ಜೋತಾಡಿದ ಹಾಗೆ ಕಂಡಿತು. ಎಡವಿ ಬೀಳುತ್ತೀ, ಕಾಲು ಮುರಿಯುತ್ತದೆ ಅನ್ನಿಸಿತು. "ಏಯ್ ಸೆನನ್, ಲೇಸು" ಅನ್ನಲು ಹೋದೆ, "ಏಯ್" ಮಾತ್ರ ಹೊರಬಂತು. ಎಲ್ಲರೂ ನಮ್ಮ ಕಡೆ ತಿರುಗಿ ಅವನನ್ನು ನೋಡಿದರು. ಅವನೂ ತಿರುಗಿ ನನ್ನನ್ನು ನೋಡಿದ. ಬಹಳ ಹೊತ್ತು ನೋಡಿದ. ಕೂಗು ಎಲ್ಲಿಂದ ಬಂತೆಂದು ಅವನಿಗೂ ತಿಳಿದಿಲ್ಲ ಅಂದುಕೊಂಡೆ.

ಫಾದರ್‌ಗೆ ಆ ವಾರವೇ ಹೇಳಿದ್ದೆ. ಪಾಪನಿವೇದನೆಯ ಪೆಟ್ಟಿಗೆಯಲ್ಲಿ ಹೇಳುವುದು ಸುಲಭ, ದೇವರು ಬ್ರೊಸ್ನನ್ ಪಬ್ಬಿಗೆ ಬರುವುದಿಲ್ಲ.

ನಿನ್ನ ಹಸಿರು ಜೆರ್ಸಿ ಕಳೆದವಳು ನಾನು. ಬೈದು ಬರೆ. ಏನಾದರೂ ಬರೆ.

ಅಟ್ರಾಕ್ಟಾ


ಲಾಬಾರ್ಡ್
2 ಏಪ್ರಿಲ್ 1997

ಅಕ್ಕಾ,

ಇದನ್ನು ಓದಿ ಸುಟ್ಟುಬಿಡು.

ನಾನು ಏನೂ ಕೇಳಿಸಿಕೊಂಡಿರಲಿಲ್ಲ. ಒದೆಯುವಾಗ ನನಗೆ ಏನೂ ಕೇಳಿಸುವುದಿಲ್ಲ, ಇದನ್ನು ಹಿಂದೆಯೇ ಬರೆದಿದ್ದೆ, ನೀನು ಸರಿಯಾಗಿ ಓದಲಿಲ್ಲ. ಚೆಂಡು ಕಾಲು ಬಿಟ್ಟಾಗಲೇ ಕೆಟ್ಟದಾಗಿ ಒದ್ದೆ ಎಂದು ಗೊತ್ತಾಯಿತು. ಆ ಮೂವರು ನೋಡುತ್ತಿದ್ದರು, ಕಾಲು ನಡುಗಿತು, ಅಷ್ಟೇ. ತಲೆ ಎತ್ತಿ ತಿರುಗಿದರೆ ಜನ ನನ್ನನ್ನು ನೋಡುತ್ತಿಲ್ಲ, ಬೇಲಿಯ ಪಕ್ಕ ಡಿನ್ನಿಯನ್ನು ನೋಡುತ್ತಿದ್ದಾರೆ. ಯಾರೋ ಕೂಗಿದ್ದಾರೆ ಎಂದು ಆಗ ಅರ್ಥವಾಯಿತು. ನಾನೂ ಅತ್ತ ಕೈ ತೋರಿಸಿದೆ. ಇಪ್ಪತ್ತೈದು ವರ್ಷದವನಿಗೆ ದೇವರು ಅಂಥ ಬಾಗಿಲು ತೆರೆದರೆ ಯಾರು ಹೋಗುವುದಿಲ್ಲ?

ಹಾಗಾಗಿ ನೀನು ನನ್ನದೇನೂ ಕಳೆಯಲಿಲ್ಲ, ನೆಮ್ಮದಿಯಾಗಿ ನಿದ್ದೆ ಮಾಡು. ಡಿನ್ನಿಯ ಲೆಕ್ಕ ಬೇರೆ. ನಾನು ಒಂದು ಸಲ ಕೈ ತೋರಿಸಿದೆ, ಅಷ್ಟೇ. ಹತ್ತೊಂಬತ್ತು ವರ್ಷ ಅವನ ಮೇಜಿಗೆ ಬ್ರೆಡ್ ಇಟ್ಟವಳು ನೀನು.

ಆಗಸ್ಟಿನಲ್ಲಿ ನಾನು ಊರಿಗೆ ಬರುತ್ತಿದ್ದೇನೆ. ಸ್ಯಾಂಡ್‌ಮಾಲ್‌ನವರು ಮುಖ್ಯ ತರಬೇತುದಾರನಾಗಿ ಕರೆದಿದ್ದಾರೆ. ನನ್ನ ಹಳೆಯ ಕೋಣೆಗೆ ಸುಣ್ಣ ಹೊಡೆಸು. ಬಾಯಿ ಮುಚ್ಚಿಕೊಂಡಿರು.

ಸೆ.


ಲಿಮರಿಕ್
11 ಮೇ 1997

ಸೆನನ್,

ಪತ್ರ ಸುಟ್ಟೆ. ನೀನು ಹೇಳಿದ್ದನ್ನು ಯಾವಾಗಲೂ ಮಾಡಿದ್ದೇನೆ. ಆಮೇಲೆ, ಸುಡಬಾರದಿತ್ತು ಅನ್ನಿಸಿ ಬೂದಿ ಕೆದಕಿದೆ.

ಶನಿವಾರ ಕೋಟು ಹಾಕಿಕೊಂಡು ಬ್ರೊಸ್ನನ್ ಪಬ್ಬಿಗೆ ಹೋಗಿ ಕೌಂಟರಿನ ಹತ್ತಿರ ನಿಂತು, "ಫೈನಲ್‌ನಲ್ಲಿ ಕೂಗಿದ್ದು ನಾನು" ಅಂದೆ. ಎರಡು ಸಲ ಹೇಳಬೇಕಾಯಿತು. ಟಾಡಿ ಒಂದು ಗಳಿಗೆ ನೋಡಿ ನಗಲು ಶುರು ಮಾಡಿದ. "ಅಟ್ಟೀ ತಾಯೀ, ನಿಂದು ಒಳ್ಳೆ ಮನ್ಸು ಕಣಮ್ಮಾ. ಸತ್ತೋನಿಗೂ ಬ್ರೆಡ್ ಹಂಚ್ತೀಯಲ್ಲ!" ಇನ್ನೊಬ್ಬ, "ಮುಂದಿನ್ ವಾರ ಪ್ರೆಸಿಡೆಂಟ್ ಕೆನಡೀನ ಕೊಂದಿದ್ದೂ ನಾನೇ ಅಂತಾಳೆ ನೋಡು" ಅಂದ. ನನಗೆ ಒಂದು ಶೆರ್ರಿ ಕೊಟ್ಟರು. ನಾನು ಗ್ಲಾಸು ಎತ್ತಿದೆ. ಯಾರೂ ಶ್ಶ್ ಅನ್ನಲಿಲ್ಲ. ಎಲ್ಲರೂ ಹರಟುತ್ತಲೇ ಇದ್ದರು.

ಅಲ್ಲಿಂದ ಕನ್ಸೆಪ್ಟಾಳ ಮನೆಗೆ ಹೋದೆ. ಅವಳು ಡಿನ್ನಿಯ ಅಂಗಿಗಳನ್ನು ಮಡಿಸುತ್ತಿದ್ದಳು. ಹೇಳಿದೆ. ಅವಳು ಮಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು" ಅಂದಳು. "ನಿನ್ ಉಸಿರು ಅವ್ರ ಕುತ್ತಿಗೆಗೆ ತಾಗಿತ್ತಂತೆ. ಆವತ್ ಸಂಜೆನೇ ನಂಗೆ ಹೇಳಿದ್ರು. ಹೋಗಿ ಪಬ್ಬಲ್ಲಿ ಹೇಳ್ರೀ ಅಂತ ನಾನ್ ಜಗಳ ಆಡ್ದೆ. ಅವ್ರು, ಬೇಡ ಕಣೇ, ಅವ್ಳಿಗೆ ಆ ತಮ್ಮನ್ ಬಿಟ್ರೆ ಯಾರಿದಾರೆ, ಅವ್ಳೇ ಹೇಳ್ಲಿ, ಅವ್ಳು ಹೇಳ್ತಾಳೆ ಅಂದ್ರು. ನೀನ್ ಬರೋ ಶುಕ್ರವಾರ ಬೆಳಿಗ್ಗೆನೇ ಗಡ್ಡ ಕೆರ್ಕೊಂಡ್ ಕೂತಿರ್ತಿದ್ರು. ಇವತ್ ಹೇಳ್ತಾಳೆ ನೋಡು ಅಂತ. ಪ್ರತಿ ಸಲ."

ಕೂರು ಅನ್ನಲಿಲ್ಲ ಅವಳು.

ಕೊನೆಗೆ ಅಂಗಿಯನ್ನು ಎದೆಗೆ ಒತ್ತಿ ಹಿಡಿದು ಒಂದೇ ಮಾತು ಕೇಳಿದಳು. "ಆ ಲೇಸು, ಅದಾದ್ರೂ ನಿಜವಾಗ್ಲೂ ಬಿಚ್ಚಿತ್ತಾ ಅಟ್ಟೀ?"

ನಾನು ಹೌದು ಅಂದೆ.

ಕೋಣೆಗೆ ಸುಣ್ಣ ಹೊಡೆಸುತ್ತೇನೆ. ನೀನು ಬರುವಾಗ ಮೊಳೆಯಲ್ಲಿರುವ ಆ ಬೂಟುಗಳನ್ನು ಎಸೆಯಬೇಡ, ಕೆಸರು ಒರೆಸಬೇಡ. ಎರಡೂ ಗಂಟು ಹಾಗೇ ಇವೆ ಎಂದು ನೀನು 1979ರಲ್ಲಿ ಬರೆದದ್ದು ನೆನಪಿದೆ, ಆ ಪತ್ರವೂ ಇದೆ. ಆದರೆ ಆಗ ನೀನು ಅವಸರದಲ್ಲಿ ನೋಡಿರಬಹುದು. ಕೆಸರು ಮೆತ್ತಿಕೊಂಡರೆ ಬಿಚ್ಚಿದ್ದೂ ಕಟ್ಟಿದ ಹಾಗೆ ಕಾಣುತ್ತದೆ. ಕಿಟಕಿಯ ಹತ್ತಿರ ಒಯ್ದು, ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡು. ಬಲಗಾಲಿನದು.

ಅಟ್ರಾಕ್ಟಾ